ಗ್ಯಾಸೆಟಿಯರ್: ಊರುಗಳ ಪುಸ್ತಕದಲ್ಲಿ ಜನ ಎಲ್ಲಿ?

(ಉಪನ್ಯಾಸವೊಂದರ ಲಿಖಿತ ರೂಪ)



ಗ್ಯಾಸೆಟಿಯರ್ ಎಂದೊಡನೆ ಬಹಳ ಜನರಿಗೆ ನೆನಪಾಗುವುದು ಗೆಜೆಟೆಡ್ ಅಧಿಕಾರಿ ಹಾಗೂ ಅವರ ಹಸಿರು ಶಾಯಿಯ ರುಜು. ಎರಡರ ಬೇರೂ ಒಂದೇ. ಆದರೆ ಗ್ಯಾಸೆಟಿಯರ್‌ಗೆ ಹತ್ತಿರದ ನೆಂಟ ಅಧಿಕಾರಿಯಲ್ಲ, ಪತ್ರಿಕೆ. ಗೆಜೆಟ್ ಎಂದರೆ ಮೂಲದಲ್ಲಿ ಸುದ್ದಿಪತ್ರಿಕೆ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಲಾರೆನ್ಸ್ ಎಚಾರ್ಡ್ ಎಂಬಾತ ಪತ್ರಿಕೆ ಓದುವವರ ಅನುಕೂಲಕ್ಕಾಗಿ ಒಂದು ಪುಟ್ಟ ಕೋಶ ತಯಾರಿಸಿದ. ಸುದ್ದಿಯಲ್ಲಿ ಯಾವುದೋ ಊರಿನ ಹೆಸರು ಬಂದರೆ ಅದು ಎಲ್ಲಿದೆ, ಯಾವ ದೊರೆಗೆ ಸೇರಿದ್ದು ಎಂದು ಅಕ್ಷರಕ್ರಮದಲ್ಲಿ ಹುಡುಕಿ ನೋಡಲು ಅದು ನೆರವಾಗುತ್ತಿತ್ತು. ಗ್ಯಾಸೆಟಿಯರ್ ಎಂಬ ಹೆಸರು ಈ ಬಗೆಯ ಪುಸ್ತಕಕ್ಕೆ ಅಂಟಿಕೊಂಡಿದ್ದು ಅಲ್ಲಿಂದ.

ಭಾರತಕ್ಕೆ ಬರುವ ಹೊತ್ತಿಗೆ ಈ ಪುಟ್ಟ ಕೋಶ ಬಹಳ ದಪ್ಪವಾಗಿತ್ತು. ಇಲ್ಲಿ ಅದನ್ನು ಬರೆಸಿದ್ದು ಓದುಗರಿಗಾಗಿ ಅಲ್ಲ, ಆಳುವವರಿಗಾಗಿ. ಹೊಸದಾಗಿ ವರ್ಗವಾಗಿ ಬಂದ ಕಲೆಕ್ಟರಿಗೆ ತನ್ನ ಜಿಲ್ಲೆಯ ಮಣ್ಣು, ಮಳೆ, ಬೆಳೆ, ಜಾತಿ, ಜಾತ್ರೆ, ಕಂದಾಯ, ಕೋಟೆ, ಕೆರೆ ಎಲ್ಲವೂ ಒಂದೇ ಕಡೆ ಸಿಗಬೇಕಿತ್ತು. 1869ರಲ್ಲಿ ವೈಸರಾಯ್ ಮೇಯೋ ಈ ಕೆಲಸವನ್ನು ಡಬ್ಲ್ಯು.ಡಬ್ಲ್ಯು. ಹಂಟರ್ ಎಂಬ ಅಧಿಕಾರಿಗೆ ಒಪ್ಪಿಸಿದ ಮೇಲೆ ಇಡೀ ದೇಶದಲ್ಲಿ ಗ್ಯಾಸೆಟಿಯರ್‌ಗಳ ಸಾಲು ಸಾಲೇ ಹೊರಟಿತು. ಅದೇ ಸಾಲಿನಲ್ಲಿ ಮೈಸೂರು ಮತ್ತು ಕೊಡಗಿನ ಪಾಲಿಗೆ ಬಂದವರು ಬೆಂಜಮಿನ್ ಲೂಯಿಸ್ ರೈಸ್.

ಮೈಸೂರು ಸೀಮೆಯ ಬಗ್ಗೆ ರೈಸರಿಗಿಂತ ಮೊದಲು ಯಾರೂ ಬರೆದಿರಲಿಲ್ಲವೆಂದಲ್ಲ. 1799ರಲ್ಲಿ ಟಿಪ್ಪು ಮಡಿದ ಮರು ವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಡಾ. ಫ್ರಾನ್ಸಿಸ್ ಬುಕಾನನ್‌ರನ್ನು ಈ ಕಡೆ ಕಳಿಸಿದ. ವೃತ್ತಿಯಿಂದ ವೈದ್ಯ, ಒಲವು ಸಸ್ಯಶಾಸ್ತ್ರದಲ್ಲಿ. 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟು ಮೈಸೂರು, ಮಲಬಾರ್, ಕನ್ನಡ ಜಿಲ್ಲೆಗಳನ್ನು ಸುತ್ತಿ 1801ರ ಜುಲೈನಲ್ಲಿ ಅವರು ಮರಳಿದರು. ಆ ಪ್ರವಾಸದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ 3 ಸಂಪುಟಗಳಾಗಿ ಅಚ್ಚಾಯಿತು. ಕರಿ ರಾಗಿ ಯಾವುದು, ಕೆಂಪು ರಾಗಿ ಯಾವುದು, ಹೊಲವನ್ನು ಎಷ್ಟು ಸಲ ಉಳುತ್ತಾರೆ, ನೇಕಾರ ಎಂಥ ಬಟ್ಟೆ ನೇಯುತ್ತಾನೆ, ಗಾಣದವರು ಯಾವ ಎಣ್ಣೆ ತೆಗೆಯುತ್ತಾರೆ, ಕಬ್ಬಿಣವನ್ನು ಹೇಗೆ ಕರಗಿಸುತ್ತಾರೆ ಎಂಬುದನ್ನೆಲ್ಲ ಬುಕಾನನ್ ಕೇಳಿ ಬರೆದುಕೊಂಡರು. 200 ವರ್ಷಗಳ ಹಿಂದಿನ ಬೆಂಗಳೂರು ಪೇಟೆಯ ಕಸುಬುಗಳ ಬಗ್ಗೆ ಈಗ ಏನಾದರೂ ಖಚಿತವಾಗಿ ಹೇಳಬಹುದಾದರೆ ಅದರಲ್ಲಿ ದೊಡ್ಡ ಪಾಲು ಈ ದಿನಚರಿಯದು.

ಆದರೆ ಕೇಳಿದವನು ಕಂಪನಿ ಸರ್ಕಾರದ ನೌಕರ. ಊರಿಗೆ ಬಂದು ಡೇರೆ ಹಾಕಿ, ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಿನ್ನ ಹೊಲದಲ್ಲಿ ಎಷ್ಟು ಖಂಡುಗ ಬೆಳೆಯುತ್ತದೆ ಎಂದು ಕೇಳಿದರೆ ರೈತ ಏನು ಹೇಳಿಯಾನು? ನೆನ್ನೆಯವರೆಗೆ ಒಬ್ಬ ದೊರೆ, ಇವತ್ತು ಇನ್ನೊಬ್ಬ. ಬಂದವನು ಕಂದಾಯ ಹೆಚ್ಚಿಸಲು ಬಂದಿದ್ದಾನೋ ಇಳಿಸಲು ಬಂದಿದ್ದಾನೋ ಯಾರಿಗೆ ಗೊತ್ತು! ಇಳುವರಿಯ ಅಂಕಿಗಳನ್ನು ಓದುವಾಗ ಈ ಒಂದು ಮಾತನ್ನು ಮರೆಯಬಾರದು.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಮೈಸೂರಿನ ಮೋಜಣಿಗೆ ಬಂದ ಕರ್ನಲ್ ಕಾಲಿನ್ ಮೆಕೆಂಜಿ, ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸಹೋದರರಂಥ ಸಹಾಯಕರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನು ಬರೆಸಿದರು. ಕೈಫಿಯತ್ತೆಂದರೆ ಊರಿನವರೇ ತಮ್ಮ ಊರಿನ ಹುಟ್ಟು, ಪಾಳೆಯಗಾರರ ವಂಶ, ದೇವಸ್ಥಾನದ ಉತ್ಪತ್ತಿ ಇವನ್ನು ತಮ್ಮ ಮಾತಿನಲ್ಲಿ ಹೇಳಿ ಬರೆಸಿದ ವೃತ್ತಾಂತ. ಅದರಲ್ಲಿ ಇತಿಹಾಸವೂ ಇದೆ, ಪುರಾಣವೂ ಇದೆ, ಶಾನುಭೋಗರ ಜಾಣತನವೂ ಇದೆ. ಆದರೆ ಭಾಷೆ ಮಾತ್ರ ಊರಿನದು. ಮದರಾಸಿನ ಹಸ್ತಪ್ರತಿ ಭಂಡಾರದಲ್ಲಿ ಬಹಳ ಕಾಲ ಉಳಿದಿದ್ದ ಕನ್ನಡ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದರಿಂದ ಈಗ ಅವು ಯಾರ ಕೈಗಾದರೂ ಸಿಗುತ್ತವೆ. ಗ್ಯಾಸೆಟಿಯರ್ ಹಿಡಿದ ದಾರಿ ಮಾತ್ರ ಬುಕಾನನ್‌ರದು.

ಈಗ ರೈಸರ ವಿಚಾರ. ಅವರು ಹುಟ್ಟಿದ್ದು 1837ರಲ್ಲಿ ಬೆಂಗಳೂರಿನಲ್ಲೇ, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗನಾಗಿ. ಮೊದಲು ಶಾಲೆಯ ಮುಖ್ಯಸ್ಥ, ಆಮೇಲೆ ಶಾಲಾ ಇನ್‌ಸ್ಪೆಕ್ಟರ್, ಮುಂದೆ ವಿದ್ಯಾ ಇಲಾಖೆಯ ನಿರ್ದೇಶಕ. ಶಾಲೆಗಳ ತನಿಖೆಗೆಂದು ಸೀಮೆಯನ್ನೆಲ್ಲ ಸುತ್ತುವ ಕೆಲಸ. ಊರ ಹೊರಗಿನ ಕಲ್ಲುಗಳ ಮೇಲೆ ಕಣ್ಣು ಬಿದ್ದಿದ್ದು ಹೀಗೆಯೇ. ಅವರ 'ಮೈಸೂರ್ ಅಂಡ್ ಕೂರ್ಗ್' ಗ್ಯಾಸೆಟಿಯರ್ ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಲ್ಲಿ 1876ರಿಂದ 1878ರ ನಡುವೆ 3 ಸಂಪುಟಗಳಲ್ಲಿ ಹೊರಬಂತು. ಮೊದಲನೆಯದು ಇಡೀ ಮೈಸೂರಿನ ಬಗ್ಗೆ, ಎರಡನೆಯದು ಜಿಲ್ಲೆ ತಾಲ್ಲೂಕುಗಳ ಬಗ್ಗೆ, ಮೂರನೆಯದು ಕೊಡಗಿನ ಬಗ್ಗೆ.

ಈ ವರ್ಷಗಳನ್ನು ಇನ್ನೊಮ್ಮೆ ಗಮನಿಸಿ. 1876ರಿಂದ 1878. ಬಯಲುಸೀಮೆಯ ಹಿರಿಯರ ಬಾಯಲ್ಲಿ ಧಾತು ಈಶ್ವರ ಬರ ಎಂದು ಉಳಿದಿದ್ದು ಇದೇ ಅವಧಿ. ಧಾತು ಸಂವತ್ಸರ, ಅದರ ಮುಂದಿನ ಈಶ್ವರ ಸಂವತ್ಸರ. ಎರಡು ವರ್ಷ ಮಳೆ ಕೈಕೊಟ್ಟಿತು, ಕೆರೆ ಬತ್ತಿತು, ರಾಗಿ ಹಗೇವುಗಳು ಬರಿದಾದವು. ಹಳ್ಳಿಗಳಿಂದ ಜನ ಗುಳೆ ಎದ್ದು ಬೆಂಗಳೂರಿನ ಬೀದಿಗಳಿಗೆ ಬಂದರು. ಅದೇ ಊರಿನ ಮುದ್ರಣಾಲಯದಲ್ಲಿ ಆ ಹಳ್ಳಿಗಳ ವಿವರಗಳು ಅಚ್ಚಾಗುತ್ತಿದ್ದವು. ಯಾವ ತಾಲ್ಲೂಕಿನಲ್ಲಿ ಎಷ್ಟು ಜನ, ಎಷ್ಟು ಮನೆ ಎಂಬ ಆ ಸಂಪುಟಗಳ ಕೋಷ್ಟಕಗಳಿಗೆ ಆಧಾರ 1871ರ ಖಾನೇಷುಮಾರಿ.

1871ರ ಆ ಎಣಿಕೆಯಲ್ಲಿ ಮೈಸೂರು ಸೀಮೆಯ ಜನ 50,55,412. ಹತ್ತು ವರ್ಷ ಕಳೆದು 1881ರಲ್ಲಿ ಮತ್ತೆ ಎಣಿಸಿದಾಗ ಸಿಕ್ಕವರು 41,86,188. ಕಡಿಮೆಯಾದದ್ದು 8,69,224. ನೂರಕ್ಕೆ ಹದಿನೇಳು ಜನ. ನಡುವಿನ ವರ್ಷಗಳಲ್ಲಿ ಹುಟ್ಟಿದವರನ್ನೂ ಲೆಕ್ಕಕ್ಕೆ ಹಿಡಿದರೆ ಬರ ಮತ್ತು ಅದರ ಬೆನ್ನಿಗೆ ಬಂದ ರೋಗಗಳಿಂದ ಸತ್ತವರು ಸುಮಾರು 10 ಲಕ್ಷ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಐದು ಜನರಲ್ಲಿ ಒಬ್ಬ. ಅಂದರೆ ಈ ಸೀಮೆಯ ಜನಜೀವನವನ್ನು ಮೊದಲ ಸಲ ಸಮಗ್ರವಾಗಿ ಬಣ್ಣಿಸಿದ ಪುಸ್ತಕದ ಶಾಯಿ ಒಣಗುವ ಮೊದಲೇ ಅದರಲ್ಲಿ ಎಣಿಸಿದ್ದ ಜನರಲ್ಲಿ ಐದನೇ ಒಂದು ಭಾಗ ಇಲ್ಲವಾಗಿತ್ತು.

ಇದಕ್ಕೆ ರೈಸರನ್ನು ದೂರುವುದು ಸರಿಯಲ್ಲ. ಅಚ್ಚುಮೊಳೆ ಜೋಡಿಸುವ ವೇಗಕ್ಕಿಂತ ಸಾವಿನ ವೇಗ ಹೆಚ್ಚಿತ್ತು. ಅದಕ್ಕಿಂತ ಮುಖ್ಯವಾದದ್ದು ಆಡಳಿತದ ಪದ್ಧತಿ. ಬರದ ಲೆಕ್ಕಕ್ಕೆಂದು ಬೇರೆ ಅಧಿಕಾರಿ, ಬೇರೆ ಕಡತ. 1877ರಲ್ಲಿ ಮೈಸೂರಿನ ಬರ ಕಮಿಷನರ್ ಆಗಿ ಬಂದ ಚಾರ್ಲ್ಸ್ ಎಲಿಯಟ್ ಬರೆದ ವರದಿ ಬೇರೆಯದೇ ಗ್ರಂಥ. ಗಂಜಿ ಕೇಂದ್ರ, ಕೂಲಿ ಕೆಲಸ, ಸಾವಿನ ಪಟ್ಟಿ ಎಲ್ಲ ಅದರೊಳಕ್ಕೆ ಹೋಯಿತು. ಊರಿನ ವರ್ಣನೆ ಒಂದು ಪುಸ್ತಕದಲ್ಲಿ, ಊರಿಗೆ ಬಿದ್ದ ಪೆಟ್ಟು ಇನ್ನೊಂದರಲ್ಲಿ. ಒಂದನ್ನು ತೆರೆದು ಓದುವವನಿಗೆ ಇನ್ನೊಂದರ ಸುಳಿವು ಸಿಗುವುದು ಕಷ್ಟ. ಬೆಂಗಳೂರು-ಮೈಸೂರು ರೈಲು ಹಳಿಗೆ ಮಣ್ಣು ಹೊತ್ತವರಲ್ಲಿ ಈ ಬರಗಾಲದ ಕೂಲಿಗಳೂ ಇದ್ದರೆಂಬುದು 1882ರಿಂದ ಮೈಸೂರಿನವರೆಗೆ ಆ ರೈಲಿನಲ್ಲಿ ಓಡಾಡಿದ ಎಷ್ಟು ಮಂದಿಗೆ ತಿಳಿದಿತ್ತು?

ರೈಸರು ಗ್ಯಾಸೆಟಿಯರನ್ನು ಪರಿಷ್ಕರಿಸಿ 1897ರಲ್ಲಿ 2 ಸಂಪುಟಗಳಲ್ಲಿ ಮತ್ತೆ ಹೊರತಂದರು. ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಬಲು ಕುತೂಹಲದ ಕೆಲಸ. ನಡುವಿನ 20 ವರ್ಷಗಳಲ್ಲಿ ಅವರು ಶಾಸನಗಳ ಬೆನ್ನು ಹತ್ತಿದ್ದರು. 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್', 1886ರಿಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆ. ಮಾಲೆ ಮುಗಿಯುವಷ್ಟರಲ್ಲಿ 12 ಸಂಪುಟ, ಸುಮಾರು 9 ಸಾವಿರ ಶಾಸನ. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳು ಸಿಕ್ಕಿದವು. ಮೊದಲ ಆವೃತ್ತಿ ಬರೆಯುವಾಗ ಈ ಯಾವುದೂ ಅವರ ಕೈಯಲ್ಲಿರಲಿಲ್ಲ. ಎರಡನೆಯದರಲ್ಲಿ ಈ ನೆಲದ ಲಿಖಿತ ಚರಿತ್ರೆ ಕ್ರಿಸ್ತಪೂರ್ವ 3ನೇ ಶತಮಾನಕ್ಕೆ ಹಿಂದೆ ಸರಿಯಿತು. ಗಂಗರು, ಕದಂಬರು, ಹೊಯ್ಸಳರು ಗಟ್ಟಿ ಆಧಾರದ ಮೇಲೆ ಎದ್ದು ನಿಂತರು.

ಅದೇ ಅವಧಿಯಲ್ಲಿ ಜನಸಂಖ್ಯೆಯ ಅಂಕಣ ಹೇಳುವುದೇನು? 1891ರ ಎಣಿಕೆ 49,43,604. ಬರ ಕಳೆದು 13 ವರ್ಷವಾದರೂ 1871ರ ಮಟ್ಟವನ್ನು ಅದು ಮುಟ್ಟಿರಲಿಲ್ಲ. ಎರಡು ಆವೃತ್ತಿಗಳ ನಡುವೆ ರಾಜರು ಹೆಚ್ಚಾದರು, ಪ್ರಜೆಗಳು ಕಡಿಮೆಯಾದರು. ಪರಿಷ್ಕೃತ ಆವೃತ್ತಿಯಲ್ಲಿ ಬರದ ಪ್ರಸ್ತಾಪ ಬರುವುದು ಕಮಿಷನರುಗಳ ಆಡಳಿತದ ಕಥೆಯ ಒಂದು ಘಟನೆಯಾಗಿ. ಒಂದೊಂದು ಊರಿಗೆ ಏನಾಯಿತು ಎಂದು ತಿಳಿಯಲು ಅದು ಸಾಲದು. ಊರಿನ ಹೆಸರಿನ ಕೆಳಗೆ ಕಟ್ಟಿದ ಪಾಳೆಯಗಾರ, ಗೆದ್ದ ನವಾಬ, ದೇವಸ್ಥಾನ, ಶಾಸನ, ದಂತಕಥೆ ಇವೆಲ್ಲ ತಪ್ಪದೆ ಸಿಗುತ್ತವೆ.

ದಂತಕಥೆ ಎಂದಾಗ ಬೆಂಗಳೂರಿನ ಹೆಸರಿನ ಮಾತು ಬಂದೇ ಬರುತ್ತದೆ. ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟ ಕಥೆ ಗ್ಯಾಸೆಟಿಯರಿನ ಬೆನ್ನೇರಿ ಪಠ್ಯಪುಸ್ತಕಗಳಿಗೆ ಹೋಗಿ ಮನೆಮಾತಾಯಿತು. ಬಲ್ಲಾಳ 12ನೇ ಶತಮಾನದವನು. ಆದರೆ ಬೇಗೂರಿನಲ್ಲಿ ಸಿಕ್ಕ ವೀರಗಲ್ಲು ಸುಮಾರು ಕ್ರಿ.ಶ. 890ರದು. ಬೆಂಗಳೂರ ಕಾಳಗದಲ್ಲಿ ಬಿದ್ದವನೊಬ್ಬನ ಹೆಸರು ಅದರಲ್ಲಿದೆ. ಬಲ್ಲಾಳನ ಬೇಟೆಗಿಂತ 200 ವರ್ಷಕ್ಕೂ ಹಿಂದೆಯೇ ಊರಿಗೆ ಆ ಹೆಸರಿತ್ತು ಎಂದಾಯಿತು. ಇಲ್ಲಿ ಸ್ವಾರಸ್ಯವೊಂದಿದೆ: ಗ್ಯಾಸೆಟಿಯರಿನ ಕಥೆಯನ್ನು ಅಲ್ಲಗಳೆದದ್ದು ಯಾವ ಅರಸನ ತಾಮ್ರಪಟವೂ ಅಲ್ಲ, ಗಂಗರ ಅಧಿಕಾರಿಯೊಬ್ಬನ ಮನೆಯ ಆಳುಮಗನಿಗೆ ನೆಟ್ಟ ಕಲ್ಲು. ತುರು ಕಾಯಲು ಹೋಗಿ ಸತ್ತವನಿಗೆ, ಹುಲಿಯೊಡನೆ ಹೋರಾಡಿದವನಿಗೆ, ಗಂಡನೊಡನೆ ಚಿತೆಯೇರಿದವಳಿಗೆ ಊರ ಜನ ಕಲ್ಲು ನೆಟ್ಟಿದ್ದರು. ಗ್ಯಾಸೆಟಿಯರ್ ಅಂಥವರನ್ನು ಜಾತಿಯ ಪಟ್ಟಿಯಲ್ಲಿ ಕೂಡಿಸಿ ಲೆಕ್ಕ ಹಾಕಿತು, ಹೆಸರು ಹಿಡಿದು ಕರೆಯಲಿಲ್ಲ.

ಮೈಸೂರಿನ ಗಡಿ ದಾಟಿದರೆ ಕನ್ನಡ ನಾಡು ಹಂಚಿಹೋಗಿತ್ತು, ಹಾಗೆಯೇ ಅದರ ಪುಸ್ತಕಗಳೂ. ಧಾರವಾಡ, ಬೆಳಗಾವಿ, ಬಿಜಾಪುರ ಸಂಪುಟಗಳು ಮುಂಬಯಿ ಪ್ರಾಂತದ ಮಾಲೆಯಲ್ಲಿ 1884ರಲ್ಲಿ ಬಂದವು. ಇಡೀ ಮಾಲೆಯ ಸಂಪಾದಕ ಜೇಮ್ಸ್ ಕ್ಯಾಂಬೆಲ್. ಕರಾವಳಿಯ ಕಥೆ ಇನ್ನೂ ವಿಚಿತ್ರ. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಆದ್ದರಿಂದ ಕಾರವಾರ ಕುಮಟೆಗಳ ವಿವರ 1883ರ ಮುಂಬಯಿ ಸಂಪುಟದಲ್ಲಿ, ಉಡುಪಿ ಮಂಗಳೂರಿನದು 1894-95ರ ಮದರಾಸು ಮ್ಯಾನ್ಯುಯಲ್‌ನಲ್ಲಿ. ಬಳ್ಳಾರಿಯ ಗ್ಯಾಸೆಟಿಯರ್ 1904ರಲ್ಲಿ ಮದರಾಸಿನಿಂದ, ಬರೆದವರು ಡಬ್ಲ್ಯು. ಫ್ರಾನ್ಸಿಸ್. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮರ ಸಂಸ್ಥಾನದ ಪುಸ್ತಕಗಳ ಪಾಲು. ತುಂಗಭದ್ರೆಯ ಈ ದಡದ ಹಂಪಿ ಒಂದು ಮಾಲೆಯಲ್ಲಿ, ಆ ದಡದ ಆನೆಗೊಂದಿ ಇನ್ನೊಂದು ಮಾಲೆಯಲ್ಲಿ! ವಿಜಯನಗರವನ್ನು ಪೂರ್ತಿ ನೋಡಬೇಕೆಂದವನು ಎರಡು ಸರ್ಕಾರಗಳ ಕಪಾಟು ತಡಕಬೇಕಿತ್ತು.

ಮುಂಬಯಿಯ ಸಂಪುಟಗಳು ಜನರ ವಿಷಯದಲ್ಲಿ ರೈಸರದಕ್ಕಿಂತ ಹೆಚ್ಚು ತಾಳ್ಮೆ ತೋರಿದವು ಎನ್ನಬೇಕು. ಉತ್ತರ ಕನ್ನಡ ಸಂಪುಟದಲ್ಲಿ ಹವ್ಯಕರಿಂದ ಹಿಡಿದು ಹಾಲಕ್ಕಿ ಒಕ್ಕಲಿಗರು, ಸಿದ್ದಿಯರವರೆಗೆ ಒಂದೊಂದು ಸಮುದಾಯದ ಮನೆ, ಊಟ, ಉಡುಗೆ, ಮದುವೆಯ ವಿವರಗಳಿವೆ. ಆಫ್ರಿಕಾ ಮೂಲದ ಸಿದ್ದಿಯರ ಚರಿತ್ರೆ ಹುಡುಕುವವರು ಇಂದಿಗೂ ಈ ಪುಟಗಳಿಗೆ ಬರುತ್ತಾರೆ. ಅದರ ಜತೆಗೇ ಈ ಜಾತಿ ಶ್ರಮಜೀವಿ, ಆ ಜಾತಿ ಸೋಮಾರಿ, ಇನ್ನೊಂದು ಕಪಟಿ ಎಂಬಂಥ ತೀರ್ಪುಗಳೂ ಈ ಬಗೆಯ ಪುಸ್ತಕಗಳಲ್ಲಿ ಧಾರಾಳ. ಒಂದು ವಾಕ್ಯದಲ್ಲಿ ಲಕ್ಷಾಂತರ ಜನರ ಸ್ವಭಾವವನ್ನು ಮುಗಿಸಿಬಿಡುವ ಈ ಅಭ್ಯಾಸ ಬರೀ ಪೂರ್ವಗ್ರಹವಾಗಿ ಉಳಿಯಲಿಲ್ಲ. ಮುಂದೆ ಕೆಲವು ಸಮುದಾಯಗಳ ಮೇಲೆ ಪೊಲೀಸರು ಇಟ್ಟ ಕಣ್ಣಿಗೂ ಇಂಥ ಬರಹಗಳು ಬೆಂಬಲವಾದವು.

ಇಷ್ಟೆಲ್ಲ ಮಾಹಿತಿ ಯಾರಿಂದ ಬಂತು? ಕಲೆಕ್ಟರು ತಹಶೀಲ್ದಾರನನ್ನು ಕೇಳಿದರೆ ಅವನು ಶಾನುಭೋಗನನ್ನು ಕೇಳಿದ, ಶಾನುಭೋಗ ಊರ ಗೌಡನನ್ನು, ಜಾತಿಯ ಯಜಮಾನನನ್ನು ಕೇಳಿದ. ಪ್ರಶ್ನೆ ಅಲ್ಲಿಗೇ ನಿಂತಿತು. ಊರ ಹೊರಗಿನ ಕೇರಿಗೆ ಅದು ಹೋಗಿದ್ದು ಅಪರೂಪ. ಮದುವೆ, ಬಾಣಂತನ, ಅಡುಗೆಯ ವಿವರಗಳನ್ನು ಕೂಡ ಹೆಂಗಸರಿಂದ ಕೇಳದೆ ಗಂಡಸರಿಂದಲೇ ಕೇಳಿ ಬರೆದರು. ಇದನ್ನು ಓದಿ ನಗುವ ಮೊದಲು ಒಂದು ಮಾತು: ಇಂದಿನ ಪತ್ರಿಕಾ ವರದಿಗಾರ ಹಳ್ಳಿಗೆ ಹೋದರೂ ಮೊದಲು ಮಾತಾಡಿಸುವುದು ಪಂಚಾಯಿತಿ ಅಧ್ಯಕ್ಷರನ್ನೇ, ಅಧ್ಯಕ್ಷೆಯಾಗಿದ್ದರೆ ಅವರ ಯಜಮಾನರನ್ನು.

20ನೇ ಶತಮಾನದಲ್ಲಿ ಬರೆಯುವ ಕೈ ಬದಲಾಯಿತು. ಮೈಸೂರಿನ ಜನಾಂಗಗಳ ಸಮೀಕ್ಷೆ ಎಚ್.ವಿ. ನಂಜುಂಡಯ್ಯನವರಿಂದ ಆರಂಭವಾಯಿತು. ಮುಂದೆ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದವರು ಇವರೇ. 1920ರಲ್ಲಿ ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಕೆಲಸವನ್ನು ಪೂರೈಸಿ 'ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್' ಹೆಸರಿನಲ್ಲಿ 1928ರಿಂದ 1935ರ ನಡುವೆ 4 ಸಂಪುಟಗಳನ್ನು ಕೊಟ್ಟರು. ಅದೇ ಹೊತ್ತಿಗೆ ಸಿ. ಹಯವದನ ರಾವ್ ಗ್ಯಾಸೆಟಿಯರನ್ನು ಹೊಸದಾಗಿ ಬರೆದು 1927ರಿಂದ 1930ರೊಳಗೆ 5 ಸಂಪುಟ, 8 ಪುಸ್ತಕಗಳಾಗಿ ಪ್ರಕಟಿಸಿದರು. ಚರಿತ್ರೆಗೆ ಮೀಸಲಾದ ಎರಡನೇ ಸಂಪುಟವೊಂದೇ 4 ಪುಸ್ತಕ. ವಿದ್ಯುತ್ತು, ಚಿನ್ನದ ಗಣಿ, ಕಾರ್ಖಾನೆ ಎಂದು ಬದಲಾಗುತ್ತಿದ್ದ ಸಂಸ್ಥಾನದ ಚಿತ್ರ ಅದರಲ್ಲಿದೆ. ಬರೆದವರು ಈಗ ಇಲ್ಲಿಯವರೇ. ಆದರೆ ಚೌಕಟ್ಟು ಹಳೆಯದೇ, ಭಾಷೆ ಇಂಗ್ಲಿಷೇ. ಊರುಗಳು ಒಂದು ಮಾಲೆಗೆ, ಜಾತಿಗಳು ಇನ್ನೊಂದು ಮಾಲೆಗೆ ಹೋದ ಕಾರಣ ಒಂದು ಊರಿನಲ್ಲಿ ಹಲವು ಜಾತಿಗಳು ಹೇಗೆ ಒಟ್ಟಿಗೆ ಬಾಳಿದವು, ಎಲ್ಲಿ ಜಗಳವಾಡಿದವು ಎಂಬುದು ಎರಡರಲ್ಲೂ ಸರಿಯಾಗಿ ಸಿಗದಂತಾಯಿತು.

1956ರ ಏಕೀಕರಣದ ನಂತರ ಕನ್ನಡ ನಾಡಿನ ಜಿಲ್ಲೆಗಳೆಲ್ಲ ಒಂದೇ ಮಾಲೆಗೆ ಬಂದವು. ಕೊಡಗಿನ ಸಂಪುಟ 1965ರಲ್ಲಿ ಬಂತು, ಉಳಿದವು ಒಂದರ ಹಿಂದೊಂದು. ಡಾ. ಸೂರ್ಯನಾಥ ಕಾಮತ್ ಪ್ರಧಾನ ಸಂಪಾದಕರಾಗಿದ್ದಾಗ ಈ ಇಲಾಖೆ ಬಹಳ ಚುರುಕಾಗಿತ್ತು. ಸ್ವಾತಂತ್ರ್ಯ ಹೋರಾಟ, ಸಹಕಾರ ಚಳವಳಿ, ಶಾಲೆ, ಆಸ್ಪತ್ರೆ, ಸಾಹಿತಿಗಳು, ಕಲಾವಿದರು ಹೊಸದಾಗಿ ಒಳಗೆ ಬಂದರು. ಯಾವ ಊರಿನ ವಿವರ ಓದಿಕೊಳ್ಳಬೇಕೋ ಅದೇ ಊರಿನವರ ಭಾಷೆಯಲ್ಲಿ ಸಂಪುಟಗಳು ಸಿಗತೊಡಗಿದ್ದು ಮಾತ್ರ ತೀರ ತಡವಾಗಿ. ಕನ್ನಡದಲ್ಲಿ ಊರಿನ ಹಂತಕ್ಕೆ ಇಳಿದ ಪ್ರಯತ್ನವೆಂದರೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯದ ಗ್ರಾಮ ಚರಿತ್ರೆ ಕೋಶ. ತಾಲ್ಲೂಕಿಗೊಂದು ಸಂಪುಟವೆಂದು ಲೆಕ್ಕ ಹಾಕಿ, ಹಳ್ಳಿಗಳಲ್ಲಿ ಕೇಳಿದ್ದನ್ನು ಬರೆಯುವ ಕೆಲಸ ಅದು. ಕೈಫಿಯತ್ತಿನ ದಾರಿಗೆ ಹತ್ತಿರ.

ನಿಮ್ಮ ತಾಲ್ಲೂಕಿನ ಗ್ರಾಮಗಳ ಪಟ್ಟಿಯನ್ನು ಯಾವಾಗಲಾದರೂ ತೆಗೆದು ನೋಡಿ. ಕೆಲವು ಹೆಸರುಗಳ ಮುಂದೆ ಬೇಚರಾಕ್ ಎಂದು ಬರೆದಿರುತ್ತದೆ. ಪಾರ್ಸಿಯ ಬೇಚಿರಾಗ್ ಎಂಬುದು ಕನ್ನಡದ ಕಂದಾಯ ಕಚೇರಿಯಲ್ಲಿ ಹೀಗಾಗಿದೆ. ಚಿರಾಗ್ ಎಂದರೆ ದೀಪ. ಬೇಚಿರಾಗ್, ದೀಪ ಹಚ್ಚುವವರಿಲ್ಲದ್ದು. ಸರ್ವೆ ನಂಬರುಗಳಿವೆ, ಗಡಿ ಇದೆ, ಕಂದಾಯವೂ ಇದೆ, ಮನೆಗಳಿಲ್ಲ. ಹಾಳುಬಿದ್ದ ಗುಡಿಯೋ, ಊರಬಾವಿಯೋ, ಹಾಲುಗಂಬವೋ ಬೇಲಿಯ ನಡುವೆ ಉಳಿದಿರುತ್ತದೆ. ಪಕ್ಕದ ಊರಿನ ವಯಸ್ಸಾದವರನ್ನು ಕೇಳಿದರೆ ಪ್ಲೇಗು ಬಂದು ಊರು ಬಿಟ್ಟರು ಎನ್ನುತ್ತಾರೆ, ಕಳ್ಳರ ಕಾಟ ಎನ್ನುತ್ತಾರೆ, ಅಮ್ಮನ ಶಾಪ ಎನ್ನುತ್ತಾರೆ. ಕೆಲವು ಕಡೆ ಬರ ಎನ್ನುತ್ತಾರೆ. ಯಾವ ಬರ ಎಂದು ಕೇಳಿ, ಸಂವತ್ಸರದ ಹೆಸರು ಹೇಳಿದರೆ ಬರೆದಿಟ್ಟುಕೊಳ್ಳಿ. ಅಂಥ ಊರುಗಳಿಗೆ ಗ್ಯಾಸೆಟಿಯರಿನಲ್ಲಿ ಪ್ರತ್ಯೇಕ ನಮೂದು ಇರುವುದಿಲ್ಲ.